ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ

ಗೇರ್‌ಬಾಕ್ಸ್ ಸೋರುತ್ತದೆಂದು ನನ್ನ ಕೈಗೆ ಬರುವ ಕಾರುಗಳಲ್ಲಿ ತಲೆನೋವು ಕೊಡುವುದು ಯಾರೋ ಆಗಲೇ ‘ಸರಿಮಾಡಿದ’ ಕಾರುಗಳು. ಕೆಳಗೆ ಹೊಸ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ಪದರ) ಕೂತಿರುತ್ತದೆ, ಅದರ ಅಂಚಿನಿಂದ ಸಿಲಿಕಾನ್ ಪೇಸ್ಟ್ ಉಕ್ಕಿ ಹೊರಬಂದಿರುತ್ತದೆ, ಬೋಲ್ಟ್‌ಗಳ ತಲೆ ಸವೆದಿರುತ್ತದೆ. ಹನಿ ಮಾತ್ರ ಮೊದಲಿನಂತೆಯೇ ಬೀಳುತ್ತಿರುತ್ತದೆ. ಬಿಚ್ಚಿದವರಿಗೆ ಕೈಕೆಲಸ ಬರುವುದಿಲ್ಲ ಎಂದೇನೂ ಅಲ್ಲ. ಹನಿ ಎಲ್ಲಿ ಬೀಳುತ್ತದೋ ಅದರ ನೇರ ಮೇಲಿನ ಭಾಗವೇ ಕೆಟ್ಟಿದೆ ಎಂದು ನಂಬಿ ಸ್ಪ್ಯಾನರ್ ಎತ್ತಿಕೊಂಡಿರುತ್ತಾರೆ, ಅಷ್ಟೆ.

ಗೇರ್‌ಬಾಕ್ಸ್‌ನ ಎತ್ತರದಲ್ಲಿ ಎಲ್ಲೋ ಜಿನುಗಿದ ಎಣ್ಣೆ ಕವಚದ ಮೈಮೇಲೆ ಇಳಿದು, ಪ್ಯಾನ್‌ನ (ಗೇರ್‌ಬಾಕ್ಸ್‌ನ ತಳದಲ್ಲಿ ದ್ರವ ನಿಲ್ಲುವ ತಟ್ಟೆಯ) ಅಂಚು ಹಿಡಿದು ಸಾಗಿ, ಅತ್ಯಂತ ತಗ್ಗಿನ ಮೂಲೆಗೆ ಬಂದು ತೊಟ್ಟಿಕ್ಕುತ್ತದೆ. ಕಾರು ಓಡುವಾಗ ಕೆಳಗಿನಿಂದ ನುಗ್ಗುವ ಗಾಳಿ ಅದನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಒದ್ದೆಯಾದ ಜಾಗದಲ್ಲಿ ಅತಿ ಎತ್ತರದ ಮತ್ತು ಅತಿ ಮುಂದಿನ ಬಿಂದು ಯಾವುದು ಎಂಬುದೇ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ.

ಅದಕ್ಕೂ ಮೊದಲು, ಸೋರುತ್ತಿರುವುದು ಯಾವ ದ್ರವ ಎಂದು ಖಚಿತವಾಗಬೇಕು. ರಾತ್ರಿ ಕಾರಿನಡಿ ಬಿಳಿಯ ರಟ್ಟು ಹಾಸಿ, ಅದರ ಮೇಲೆ ಮುಂದಿನ ಚಕ್ರಗಳ ಸ್ಥಾನ ಗುರುತು ಮಾಡಿಡಿ. ಬೆಳಿಗ್ಗೆ ಕಲೆಯ ಬಣ್ಣವೂ ಜಾಗವೂ ಸಿಗುತ್ತವೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ದ್ರವ ಸಾಮಾನ್ಯವಾಗಿ ಕೆಂಪು, ಹಳತಾದಂತೆ ಕಂದು. ಕೆಲವು ಹೊಸ ಗೇರ್‌ಬಾಕ್ಸ್‌ಗಳಲ್ಲಿ ಹಸಿರು ಅಥವಾ ನೀಲಿಯೂ ಇರುತ್ತದೆ. ಮ್ಯಾನುವಲ್ ಗೇರ್‌ಬಾಕ್ಸ್‌ನ ಎಣ್ಣೆ ಹೆಚ್ಚು ಮಂದ, ಗಂಧಕದ ಕಟುವಾಸನೆ ಅದರ ಗುರುತು. ಎಂಜಿನ್ ತಣಿಸುವ ಕೂಲಂಟ್ ಕೂಡ ಕೆಂಪು ಅಥವಾ ಗುಲಾಬಿ ಇರಬಹುದು. ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡಿ. ಕೂಲಂಟ್ ಬೆರೆಯುತ್ತದೆ, ಎಣ್ಣೆ ತೇಲುತ್ತದೆ. ಇನ್ನೊಂದು ತೊಡಕು ಪವರ್ ಸ್ಟೀರಿಂಗ್‌ನದು. ಅನೇಕ ಕಾರುಗಳ ಸ್ಟೀರಿಂಗ್ ಪಂಪಿನಲ್ಲೂ ಇದೇ ಕೆಂಪು ದ್ರವ ಇರುವುದರಿಂದ ಗೇರ್‌ಬಾಕ್ಸನ್ನು ದೂರುವ ಮೊದಲು ಸ್ಟೀರಿಂಗ್ ದ್ರವದ ಡಬ್ಬಿಯ ಮಟ್ಟ ನೋಡಬೇಕು.

ಗೇರ್‌ಬಾಕ್ಸ್ ದ್ರವ ಎಂಜಿನ್ ಆಯಿಲ್‌ನಂತೆ ಉರಿದು ಕಡಿಮೆಯಾಗುವುದಿಲ್ಲ. ಮಟ್ಟ ಇಳಿದಿದ್ದರೆ ಅದು ಎಲ್ಲಿಗೋ ಹೋಗಿದೆ ಎಂದೇ ಲೆಕ್ಕ. ಎಂಜಿನ್ನಿನ ಹೀರುವಿಕೆ ಬಳಸಿ ಗೇರ್ ಬದಲಾವಣೆಯನ್ನು ಹದಗೊಳಿಸುವ ವ್ಯಾಕ್ಯೂಮ್ ಮಾಡ್ಯುಲೇಟರ್ ಇರುವ ಹಳೆಯ ಆಟೊಮ್ಯಾಟಿಕ್‌ಗಳು ಇಲ್ಲಿ ಸ್ವಲ್ಪ ಆಟವಾಡಿಸುತ್ತವೆ. ಅದರ ಒಳಗಿನ ಪೊರೆ ಹರಿದರೆ ಎಂಜಿನ್ನೇ ದ್ರವವನ್ನು ಹೀರಿ ಸುಟ್ಟುಬಿಡುತ್ತದೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಕಾಣಿಸುತ್ತದೆ, ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ.

ಡ್ರೈವ್‌ಗೆ ಹಾಕಿದ ಮೇಲೆ ಕಾರು ತಡೆದು ಹೊರಡುವುದು, ಎಂಜಿನ್ ವೇಗ ಏರಿದರೂ ಕಾರಿನ ವೇಗ ಏರದಿರುವುದು, ತಿರುವಿನಲ್ಲಿ ಎಳೆತ ಕಳೆದುಕೊಳ್ಳುವುದು ಕಾಣಿಸಿದರೆ ಮಟ್ಟ ಅಪಾಯಕ್ಕೆ ಇಳಿದಿದೆ. ಆಗ ಓಡಿಸಿ ಪರೀಕ್ಷಿಸುವ ಉಮೇದು ಬೇಡ. ಮಟ್ಟ ಸರಿಮಾಡದೆ ಓಡಿಸಿದರೆ ಕ್ಲಚ್ ಫಲಕಗಳು ಸುಡುತ್ತವೆ, ಒಂದು ಸೀಲಿನಲ್ಲಿ ಮುಗಿಯಬೇಕಿದ್ದ ಕೆಲಸ ಗೇರ್‌ಬಾಕ್ಸ್‌ನ ಹೊಟ್ಟೆಗೇ ಹೋಗುತ್ತದೆ. ಬಿಸಿ ಎಕ್ಸಾಸ್ಟ್ ಪೈಪಿನ ಮೇಲೆ ದ್ರವ ಬಿದ್ದು ಸುಟ್ಟ ವಾಸನೆ ಬರುತ್ತಿದ್ದರೂ ಅಷ್ಟೇ, ಅದು ಹೊತ್ತಿಕೊಳ್ಳಬಲ್ಲದು.

ಇನ್ನು ಹುಡುಕುವ ಕೆಲಸ. ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ, ಚಕ್ರಗಳಿಗೆ ಅಡೆ ಕೊಟ್ಟು, ಕಾರನ್ನು ಜಾಕ್ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ನುಸುಳುವವರನ್ನು ನಾನು ಕಾಲು ಹಿಡಿದು ಹೊರಗೆಳೆಯುತ್ತೇನೆ. ಆಮೇಲೆ ತೊಳೆಯಿರಿ. ಡಿಗ್ರೀಸರ್ ಸಿಂಪಡಿಸಿ, ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಲೋಹ ಕಾಣುವವರೆಗೂ ಬಿಡಬೇಡಿ. ಎಲ್ಲರೂ ಹಾರಿಸುವ ಹಂತ ಇದೇ, ಕೆಲಸದ ಮುಕ್ಕಾಲು ಪಾಲು ಇರುವುದೂ ಇಲ್ಲೇ. ಹಳೆಯ ಜಿಡ್ಡಿನ ಮೇಲೆ ಹೊಸ ಸೋರಿಕೆಯನ್ನು ಯಾರೂ ಕಾಣಲಾರರು. ತೊಳೆದ ಮೇಲೆ ಮಟ್ಟ ಸರಿಮಾಡಿ, ಸ್ವಲ್ಪ ಓಡಿಸಿ, ಮತ್ತೆ ಟಾರ್ಚ್ ಹಿಡಿದು ಮಲಗಿ. ಸೋರಿಕೆ ಸಣ್ಣದಾಗಿದ್ದರೆ ಕವಚಕ್ಕೆ ಟಾಲ್ಕಂ ಪೌಡರ್ ಎರಚಿ, ಎಣ್ಣೆ ಇಳಿದ ದಾರಿ ಗೆರೆಯಂತೆ ಮೂಡುತ್ತದೆ. ಅದೂ ಸಾಲದಿದ್ದರೆ ಗೇರ್‌ಬಾಕ್ಸ್ ದ್ರವಕ್ಕೆಂದೇ ಮಾಡಿದ ಹೊಳೆಯುವ ಬಣ್ಣವನ್ನು ಬೆರೆಸಿ, ನೇರಳಾತೀತ ದೀಪದಲ್ಲಿ ನೋಡಬಹುದು.

ಒಬ್ಬರು ಪ್ಯಾನ್ ಗ್ಯಾಸ್ಕೆಟನ್ನು ಮತ್ತೆ ಮತ್ತೆ ಬದಲಾಯಿಸಿಕೊಂಡು ಬಂದಿದ್ದರು. ಪ್ಯಾನ್‌ನ ಹಿಂದಿನ ಮೂಲೆಯಲ್ಲಿ ಹನಿ ನೇತಾಡುತ್ತಿತ್ತು. ಯಾರು ನೋಡಿದರೂ ಗ್ಯಾಸ್ಕೆಟ್ ಅನ್ನಬೇಕು, ಹಾಗಿತ್ತು. ತೊಳೆದು ಬಣ್ಣ ಬೆರೆಸಿ ಓಡಿಸಿದ ಮೇಲೆ ದೀಪದಡಿ ಕಂಡ ಗೆರೆ ಪ್ಯಾನ್‌ಗಿಂತ ಬಹಳ ಮೇಲೆ, ಗೇರ್‌ಬಾಕ್ಸ್‌ನ ಮೈಯಲ್ಲಿ ವೈರಿಂಗ್ ಒಳಹೋಗುವ ಕನೆಕ್ಟರ್‌ನ ಬುಡದಲ್ಲಿ ಶುರುವಾಗಿತ್ತು. ಅಲ್ಲಿನ ರಬ್ಬರ್ ಓ-ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಅದನ್ನು ಬದಲಿಸಿದ್ದಷ್ಟೇ ಕೆಲಸ. ಆ ಗ್ಯಾಸ್ಕೆಟ್‌ಗಳೆಲ್ಲ ಪಾಪ, ಚೆನ್ನಾಗಿಯೇ ಇದ್ದವು.

ಹಾಗೆಂದು ಪ್ಯಾನ್ ಗ್ಯಾಸ್ಕೆಟ್ ಸೋರುವುದೇ ಇಲ್ಲ ಎಂದಲ್ಲ. ಸೋರುತ್ತದೆ, ಮನೆಯಲ್ಲೇ ಸರಿಮಾಡಲೂಬಹುದು. ದ್ರವ ಬೆಚ್ಚಗಿರಲಿ, ಕೈಸುಡುವಷ್ಟು ಬಿಸಿ ಬೇಡ. ಡ್ರೈನ್ ಪ್ಲಗ್ ಇಲ್ಲದ ಪ್ಯಾನ್ ಆದರೆ ಒಂದು ಮೂಲೆಯ ಬೋಲ್ಟ್‌ಗಳನ್ನು ಹೆಚ್ಚು ಸಡಿಲಿಸಿ, ಆ ಕಡೆ ವಾಲಿಸಿ ದ್ರವವನ್ನು ಬಸಿಯಬೇಕು. ಹೊರಬಂದಷ್ಟನ್ನೂ ಅಳೆದಿಡಿ, ತಿರುಗಿ ತುಂಬುವಾಗ ಅದೇ ಮೊದಲ ಲೆಕ್ಕ. ಪೂರ್ತಿ ದ್ರವ ಬರುವುದಿಲ್ಲ. ಬಹಳಷ್ಟು ಟಾರ್ಕ್ ಕನ್ವರ್ಟರ್‌ನಲ್ಲೇ (ಎಂಜಿನ್ನಿನ ಬಲವನ್ನು ದ್ರವದ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಉಳಿಯುತ್ತದೆ. ಪ್ಯಾನ್‌ನ ಒಳಗಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಸೋರಿಕೆಗಿಂತ ದೊಡ್ಡ ತೊಂದರೆ ಒಳಗಿದೆ.

ಪ್ಯಾನ್‌ನ ಅಂಚನ್ನು ನೇರವಾದ ಪಟ್ಟಿ ಇಟ್ಟು ನೋಡಿ. ಹಿಂದೆ ಯಾರೋ ಬಲವಾಗಿ ಬಿಗಿದಿದ್ದರೆ ಪ್ರತಿ ಬೋಲ್ಟ್ ತೂತಿನ ಸುತ್ತಲಿನ ತಗಡು ಗ್ಯಾಸ್ಕೆಟ್‌ನ ಕಡೆಗೆ ಉಬ್ಬಿರುತ್ತದೆ. ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮಟ್ಟಮಾಡದಿದ್ದರೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ. ಕವಚ ಅಲ್ಯೂಮಿನಿಯಂ, ಹಳೆಯ ಗ್ಯಾಸ್ಕೆಟ್ ಕೆರೆಯಲು ಪ್ಲಾಸ್ಟಿಕ್ ಪಟ್ಟಿಯೇ ಸರಿ. ರಬ್ಬರ್ ಗ್ಯಾಸ್ಕೆಟ್‌ಗೆ ಸಿಲಿಕಾನ್ ಬಳಿಯಬೇಡಿ. ಒಳಕ್ಕೆ ಉಕ್ಕಿದ ಪೇಸ್ಟ್ ಹರಿದು ಫಿಲ್ಟರಿಗೆ ಅಂಟುತ್ತದೆ. ಪೇಸ್ಟನ್ನೇ ಗ್ಯಾಸ್ಕೆಟ್ ಮಾಡಿ ಕೂರಿಸುವ ಪ್ಯಾನ್‌ಗಳ ಮಾತು ಬೇರೆ, ಅಲ್ಲಿ ಕೈಪಿಡಿ ಹೇಳಿದ್ದನ್ನೇ ತೆಳುವಾಗಿ ಹಚ್ಚಬೇಕು. ಬಿಗಿಯುವಾಗ ಟಾರ್ಕ್ ವ್ರೆಂಚ್ ಬಳಸಿ, ಎದುರುಬದುರು ಬೋಲ್ಟ್‌ಗಳನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಿ. ಚಕ್ರದ ನಟ್‌ಗೆ 100 ನ್ಯೂಟನ್ ಮೀಟರ್ ಆಸುಪಾಸು ಬೇಕಾದರೆ ಇಂಥ ಪ್ಯಾನ್ ಬೋಲ್ಟ್‌ಗೆ ಬೇಕಾಗುವುದು ಸುಮಾರು 10. ನಿಮ್ಮ ಕಾರಿನ ನಿಖರ ಅಂಕಿ ಕೈಪಿಡಿಯಲ್ಲಿರುತ್ತದೆ. ಇನ್ನೊಂದು ಸುತ್ತು ಬಿಗಿದರೆ ಸೋರಿಕೆ ನಿಲ್ಲುತ್ತದೆ ಎಂಬ ಆಸೆಯೇ ಅರ್ಧ ಥ್ರೆಡ್‌ಗಳನ್ನು ತಿಂದುಹಾಕಿದೆ.

ಡ್ರೈನ್ ಪ್ಲಗ್ ಸೋರಿದರೆ ಅದರ ವಾಷರ್ ಹೊಸದು ಹಾಕಿ, ಮುಗಿಯಿತು. ಗೇರ್‌ಬಾಕ್ಸ್ ದ್ರವವನ್ನು ತಣಿಸಲು ರೇಡಿಯೇಟರ್ ಕಡೆ ಒಯ್ಯುವ ಕೂಲರ್ ಕೊಳವೆಗಳಲ್ಲಿ ರಬ್ಬರೂ ಲೋಹವೂ ಕೂಡುವ ಜಾಗವೇ ಮೊದಲು ಸೋಲುವುದು. ಅಲ್ಲಿಗೆ ಗೇರ್‌ಬಾಕ್ಸ್ ದ್ರವಕ್ಕೂ ಅದರ ಬಿಸಿಗೂ ತಡೆಯುವ ಹೋಸ್ ಬೇಕು, ಕೈಗೆ ಸಿಕ್ಕ ಪೆಟ್ರೋಲ್ ಪೈಪ್ ಆಗದು. ಕೊಳವೆಯ ನಟ್ ಬಿಚ್ಚುವಾಗ ಎರಡು ಸ್ಪ್ಯಾನರ್ ಹಿಡಿಯಿರಿ, ಒಂದು ತಿರುಗಿಸಲು, ಇನ್ನೊಂದು ಎದುರಿನ ಜೋಡಣೆ ತಿರುಚದಂತೆ ತಡೆಯಲು. ಡ್ರೈವ್ ಶಾಫ್ಟ್ ಸೀಲಿನ ಸೋರಿಕೆಯನ್ನು ಚಕ್ರದ ಒಳಬದಿಗೆ ಸಿಡಿದ ಎಣ್ಣೆಯಿಂದ ಗುರುತಿಸಬಹುದು. ಶಾಫ್ಟ್ ಎಳೆದು ಸೀಲ್ ಬದಲಿಸುವಾಗ ಸೀಲ್ ಕೂರುವ ಜಾಗಕ್ಕೆ ಉಗುರು ಹಾಯಿಸಿ. ಗೀರು ಸಿಕ್ಕಿದರೆ ಹೊಸ ಸೀಲೂ ಸೋರುತ್ತದೆ. ಸೀಲಿನ ತುಟಿಗೆ ಅದೇ ದ್ರವ ಸವರಿ, ಅದರ ಹೊರ ಅಂಚಿನಷ್ಟೇ ಅಗಲದ ಸಾಕೆಟ್ ಇಟ್ಟು, ಓರೆಯಾಗದಂತೆ ತಟ್ಟಿ ಕೂರಿಸಬೇಕು. ಎಡಬಲ ಸೀಲುಗಳೆಲ್ಲ ಒಟ್ಟಿಗೇ ಜಿನುಗುತ್ತಿದ್ದರೆ ಸೀಲ್ ತರುವ ಮೊದಲು ಗೇರ್‌ಬಾಕ್ಸ್‌ನ ಮೇಲಿರುವ ಬ್ರೀದರ್ ನೋಡಿ. ಅದು ಮಣ್ಣು ಕಟ್ಟಿಕೊಂಡರೆ ಒಳಗಿನ ಬಿಸಿಗಾಳಿಗೆ ದಾರಿ ಇಲ್ಲದೆ ಎಣ್ಣೆಯನ್ನು ಸೀಲುಗಳ ಮೂಲಕ ತಳ್ಳುತ್ತದೆ.

ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಬೆಲ್ ಹೌಸಿಂಗ್‌ನ ತಳದಿಂದ ಕೆಂಪು ಹನಿ ಬಂದರೆ ಬಹುತೇಕ ಟಾರ್ಕ್ ಕನ್ವರ್ಟರ್ ಎದುರಿನ ಪಂಪ್ ಸೀಲ್. ಅದೇ ಜಾಗದಿಂದ ಕಪ್ಪು ಎಣ್ಣೆ ಬಂದರೆ ಎಂಜಿನ್‌ನ ಹಿಂದಿನ ಸೀಲನ್ನು ಅನುಮಾನಿಸಿ. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು. ಮನೆಯ ಅಂಗಳದ ಕೆಲಸವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ, ಕೂಲಂಟ್ ಬೆರೆತು ದ್ರವ ಗುಲಾಬಿ ಹಾಲಿನಂತಾಗಿದ್ದರೆ ಕಾರನ್ನು ಸ್ಟಾರ್ಟ್ ಕೂಡ ಮಾಡದೆ ಎಳೆಸಿಕೊಂಡು ಹೋಗಿ. ಸೋರಿಕೆ ನಿಲ್ಲಿಸುವ ಬಾಟಲಿ ದ್ರವಗಳ ಬಗ್ಗೆಯೂ ಜನ ಕೇಳುತ್ತಾರೆ. ಅವು ಗಟ್ಟಿಯಾದ ರಬ್ಬರನ್ನು ಮೆದುಮಾಡಿ ಉಬ್ಬಿಸುತ್ತವೆ. ಜಿನುಗುವ ಹಳೆಯ ಸೀಲಿಗೆ ಸ್ವಲ್ಪ ದಿನ ನೆರವಾಗಬಹುದು. ಹರಿದ ಗ್ಯಾಸ್ಕೆಟ್, ಒಡೆದ ಕೊಳವೆಗೆ ಏನೂ ಮಾಡಲಾರವು.

ತುಂಬುವ ವಿಷಯದಲ್ಲಿ ನನ್ನದೊಂದು ಹಠವಿದೆ. ಬಸಿಯುವ ಪ್ಲಗ್ ಮುಟ್ಟುವ ಮೊದಲು ತುಂಬುವ ಪ್ಲಗ್ ಬಿಚ್ಚುತ್ತದೆಯೇ ನೋಡಿ. ಎಲ್ಲ ಬಸಿದ ಮೇಲೆ ಅದು ತುಕ್ಕು ಹಿಡಿದು ಕಚ್ಚಿಕೊಂಡಿದೆ ಎಂದು ತಿಳಿದರೆ ಕಾರು ಅಲ್ಲೇ ಕೂರುತ್ತದೆ. ದ್ರವ ತಯಾರಕರು ಹೇಳಿದ್ದೇ ಆಗಬೇಕು. ಸಿವಿಟಿಗೆ (ಗೇರುಗಳ ಬದಲು ಬೆಲ್ಟ್ ಮೇಲೆ ನಡೆಯುವ ಆಟೊಮ್ಯಾಟಿಕ್) ಸಾಮಾನ್ಯ ಆಟೊಮ್ಯಾಟಿಕ್ ದ್ರವ ಹಾಕಿದರೆ ಬೆಲ್ಟ್ ಜಾರುತ್ತದೆ. ಜಿಎಲ್-4 ದರ್ಜೆಯ ಗೇರ್ ಎಣ್ಣೆ ಕೇಳುವ ಮ್ಯಾನುವಲ್ ಗೇರ್‌ಬಾಕ್ಸ್‌ಗೆ ಜಿಎಲ್-5 ಸುರಿದರೆ ಗೇರು ನಯವಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್‌ಗಳು ಸವೆಯಬಹುದು.

ಕಾರು ಸಮತಟ್ಟಾಗಿರುವಾಗಲೇ ಮಟ್ಟ ನೋಡಿ, ಮುಂಭಾಗ ಎತ್ತಿಟ್ಟು ನೋಡಿದರೆ ಅಳತೆ ತಪ್ಪುತ್ತದೆ. ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇರುವ ಬಹುಪಾಲು ಆಟೊಮ್ಯಾಟಿಕ್‌ಗಳಲ್ಲಿ ದ್ರವ ಬಿಸಿಯಾಗಿರಬೇಕು, ಎಂಜಿನ್ ಓಡುತ್ತಿರಬೇಕು, ಬ್ರೇಕ್ ಒತ್ತಿ ಪ್ರತಿ ಗೇರಿಗೂ ಹಾಕಿ ಪಾರ್ಕ್‌ಗೆ ಮರಳಿದ ಮೇಲೆ ನೋಡಬೇಕು. ಎಂಜಿನ್ ನಿಲ್ಲಿಸಿ ನೋಡಬೇಕಾದ ಕಾರುಗಳೂ ಇವೆ, ಕೈಪಿಡಿ ಓದಿ. ಡಿಪ್‌ಸ್ಟಿಕ್ ಇಲ್ಲದವುಗಳಲ್ಲಿ ದ್ರವದ ಉಷ್ಣತೆಯನ್ನು ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್‌ನಲ್ಲಿ ನೋಡುತ್ತ, ಹೇಳಿದ ಮಿತಿಯಲ್ಲಿ (ಹಲವಕ್ಕೆ 35ರಿಂದ 45 ಡಿಗ್ರಿ ಸೆಲ್ಸಿಯಸ್ ಆಸುಪಾಸು) ಮಟ್ಟದ ಪ್ಲಗ್ ಬಿಚ್ಚಬೇಕು. ಧಾರೆ ತೆಳುವಾಗಿ ಹನಿಯುವ ಹಂತಕ್ಕೆ ಬಂದಾಗ ಮುಚ್ಚಬೇಕು. ಹೆಚ್ಚು ತುಂಬಿದರೆ ಒಳಗೆ ನೊರೆಯೆದ್ದು ಬ್ರೀದರ್‌ನಿಂದ ಉಕ್ಕುತ್ತದೆ, ನೀವು ಮತ್ತೆ ಸೋರಿಕೆ ಹುಡುಕುತ್ತ ಕೆಳಗೆ ಮಲಗಿರುತ್ತೀರಿ.

ಕೆಲಸ ಮುಗಿದ ಮೇಲೆ ಕವಚವನ್ನು ಇನ್ನೊಮ್ಮೆ ಒರೆಸಿ, ಹೊಸ ರಟ್ಟು ಹಾಸಿ. ಕೆಲವು ದಿನ ಓಡಿಸಿದ ಮೇಲೂ ಮಟ್ಟವನ್ನು ಮತ್ತೆ ನೋಡಿ. ಬಸಿದ ಹಳೆಯ ದ್ರವವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ. ಮಣ್ಣಿಗೂ ಚರಂಡಿಗೂ ಸುರಿಯಬೇಡಿ.