ಬಡಿದ ತಾಮ್ರ ಗಟ್ಟಿಯಾಗುವುದು ಯಾಕೆ

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಬೇಯಿಸುವ ತಾಮ್ರದ ಹಂಡೆ ನೆಗ್ಗಿದರೆ ಬಡಿದು ಸರಿಮಾಡುತ್ತಾರೆ. ಮೊದಲ ಪೆಟ್ಟುಗಳಿಗೆ ಸಲೀಸಾಗಿ ಬಾಗುವ ತಗಡು ಸ್ವಲ್ಪ ಹೊತ್ತಿಗೆ ಮೊಂಡು ಹಿಡಿಯುತ್ತದೆ. ಸುತ್ತಿಗೆ ಪುಟಿಯುತ್ತದೆ, ಸದ್ದು ಠಣ್ಣೆನ್ನುತ್ತದೆ. ಬಡಿದು ಬಡಿದು ತಾಮ್ರ ಒತ್ತಾಯಿತು ಎನ್ನುವವರಿದ್ದಾರೆ. ಹಾಗಲ್ಲ. ಬಡಿದ ತಾಮ್ರದ ಸಾಂದ್ರತೆ ಎಳ್ಳಷ್ಟು ಕಡಿಮೆಯೇ ಆಗಿರುತ್ತದೆ. ಅದು ಗಟ್ಟಿಯಾದದ್ದು ಒಳಗೆ ದೋಷ ತುಂಬಿಕೊಂಡಿದ್ದರಿಂದ.

ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಇಡಿಯಾಗಿ ಜಾರಬೇಕಾದರೆ ತಾಮ್ರಕ್ಕೆ ಸುಮಾರು 7,500 ಮೆಗಾಪಾಸ್ಕಲ್ ಒತ್ತಡ ಬೇಕು. ಚೆನ್ನಾಗಿ ಕಾಯಿಸಿದ ಶುದ್ಧ ತಾಮ್ರದ ಒಂಟಿ ಹರಳು 1 ಮೆಗಾಪಾಸ್ಕಲ್ ಆಸುಪಾಸಿನಲ್ಲೇ ಜಾರುತ್ತದೆ. ಈ ಅಂತರಕ್ಕೆ 1934ರಲ್ಲಿ ವಿಜ್ಞಾನಿಗಳಾದ ಟೇಲರ್, ಒರೊವಾನ್, ಪೊಲಾನಿ ಬೇರೆಬೇರೆಯಾಗಿ ಕೊಟ್ಟ ಉತ್ತರವೇ ಡಿಸ್‌ಲೊಕೇಶನ್. ಅಂಗಳಕ್ಕೆ ಹಾಸಿದ ಒದ್ದೆ ತಾಡಪಾಲನ್ನು ಒಂದು ಗೇಣು ಸರಿಸಬೇಕೆಂದರೆ ಇಡಿಯಾಗಿ ಎಳೆಯಲಾಗದು. ಒಂದು ಮಡಿಕೆ ಎಬ್ಬಿಸಿ ಆಚೆ ತುದಿಗೆ ದೂಡಿದರೆ ಸಾಕು. ಹರಳಿನೊಳಗೆ ಆ ಮಡಿಕೆಯ ಕೆಲಸ ಮಾಡುವ ಗೆರೆಯೇ ಡಿಸ್‌ಲೊಕೇಶನ್, ಮೇಲೆ ಹೇಳಿದ ದೋಷ ಇದೇ.

ಹಾಗಾದರೆ ಗೆರೆ ಹೆಚ್ಚಿದಷ್ಟೂ ಮೆದುವಾಗಬೇಕಲ್ಲ? ಇಲ್ಲ, ಅವು ಒಂದಕ್ಕೊಂದು ತೊಡರುತ್ತವೆ. ಎರಡು ಕಡೆ ಸಿಕ್ಕಿಕೊಂಡ ಗೆರೆ ಒತ್ತಡಕ್ಕೆ ಬಿಲ್ಲಿನಂತೆ ಬಾಗಿ, ಬಳೆಯ ಮೇಲೆ ಬಳೆ ಬಿಡುತ್ತಾ ಹೋಗುತ್ತದೆ. ಫ್ರ್ಯಾಂಕ್ ಮತ್ತು ರೀಡ್ 1950ರಲ್ಲಿ ವಿವರಿಸಿದ್ದು ಇದನ್ನೇ. ಕಾಯಿಸಿದ ತಾಮ್ರದ ಒಂದು ಘನ ಸೆಂಟಿಮೀಟರಿನಲ್ಲಿ ಈ ಗೆರೆಗಳ ಒಟ್ಟು ಉದ್ದ 10 ಕಿಲೋಮೀಟರ್ ಇದ್ದರೆ, ಜೋರಾಗಿ ಬಡಿದ ಮೇಲೆ 10 ಲಕ್ಷ ಕಿಲೋಮೀಟರ್! ಗೆರೆಗಳ ಸಾಂದ್ರತೆ ನೂರು ಪಟ್ಟಾದರೆ ಅವು ಒಡ್ಡುವ ತಡೆ ಹತ್ತು ಪಟ್ಟಾಗುತ್ತದೆ, ಲೆಕ್ಕ ವರ್ಗಮೂಲದ್ದು.

ಸುತ್ತಿಗೆ ಪುಟಿಯತೊಡಗಿದಾಗ ನಿಲ್ಲಿಸಿ ಕಾಯಿಸಬೇಕು, ಇಲ್ಲವಾದರೆ ಅಂಚಿನಲ್ಲಿ ಸೀಳು ಹುಟ್ಟುತ್ತದೆ. ಕಾಯಿಸಿದಾಗ ಗೆರೆ ಕಡಿಮೆಯಿರುವ ಹೊಸ ಕಣಗಳು, ಅಂದರೆ ಸಣ್ಣ ಹರಳುಗಳು, ಹುಟ್ಟಿ ತಾಮ್ರ ಮತ್ತೆ ಮೆದುವಾಗುತ್ತದೆ. ಆದರೆ ಹುಟ್ಟಿದ ಸೀಳು ಕಾಯಿಸಿದರೆ ಕೂಡುವುದಿಲ್ಲ. ನೆರಳಲ್ಲಿ ಮಂದ ಕೆಂಪು ಕಂಡರೆ ಸಾಕು, ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್. ಬಿಸಿಲಲ್ಲಿ ಆ ಕೆಂಪು ಕಾಣದೆ ಹೆಚ್ಚು ಕಾಯಿಸಿಬಿಡುತ್ತಾರೆ. ಆಗ ಕಣಗಳು ದಪ್ಪವಾಗಿ, ಮತ್ತೆ ಬಡಿದಾಗ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ಕಾಯಿಸಿದ ತಾಮ್ರವನ್ನು ನೀರಿಗೆ ಅದ್ದಬಹುದು. ಅದು ಉಕ್ಕಿನಂತೆ ಗಡುಸಾಗುವುದಿಲ್ಲ, ಕಪ್ಪು ಪೊರೆಯೂ ಉದುರುತ್ತದೆ. ಕಲಾಯಿ ಇರುವ ಪಾತ್ರೆಯಾದರೆ ಮೊದಲು ಅದನ್ನು ತೆಗೆಯಲೇಬೇಕು: ತವರ 232 ಡಿಗ್ರಿಗೇ ಕರಗಿ, ಕೆಂಪು ಶಾಖಕ್ಕೆ ತಾಮ್ರದೊಳಗೆ ಇಳಿಯುತ್ತದೆ.

ನಾಲ್ಕು ಪೆಟ್ಟು ಹಾಕಿ ಮತ್ತೆ ಮತ್ತೆ ಕಾಯಿಸುವುದೂ ತಪ್ಪೇ. ಹೊಸ ಕಣಗಳು ಹುಟ್ಟುವುದು ಗೆರೆಗಳು ಒತ್ತಾಗಿ ಸಿಕ್ಕುಬಿದ್ದ ಜಾಗಗಳಲ್ಲಿ. ಗೆರೆ ಕಡಿಮೆಯಿದ್ದರೆ ಹುಟ್ಟುವ ಕಣಗಳೂ ಕೆಲವೇ, ಆ ಕೆಲವೇ ವಿಪರೀತ ಬೆಳೆಯುತ್ತವೆ.

ಕಾರವಾರದಿಂದ ಹೊನ್ನಾವರದವರೆಗೆ ದೋಣಿಗಳಿಗೆ ಹಾಕುವ ಸ್ಟೇನ್‌ಲೆಸ್ ಉಕ್ಕಿನದು ಇನ್ನೂ ಹಟಮಾರಿ ಸ್ವಭಾವ. 304 ಎಂಬ ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಗೆರೆಗಳು ಒಂದು ಪದರದಿಂದ ಇನ್ನೊಂದಕ್ಕೆ ದಾಟಿ ತಪ್ಪಿಸಿಕೊಳ್ಳುವುದು ಕಷ್ಟ. ಹಾಗಾಗಿ ಬಹುಬೇಗ ಗಡುಸಾಗುತ್ತದೆ. ಡ್ರಿಲ್ ಬಿಟ್ ಕೊರೆಯದೆ ಬರೀ ಉಜ್ಜಿದರೆ ತೂತಿನ ತಳ ಗಾಜಿನಂತೆ ಹೊಳೆದು ಬಿಟ್ಟನ್ನೇ ತಿನ್ನುತ್ತದೆ. 8 ಮಿಲಿಮೀಟರಿನ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ಟಿಗೆ ನಿಮಿಷಕ್ಕೆ 400ರಿಂದ 500 ಸುತ್ತು ಸಾಕು. ಎಣ್ಣೆ ಬಿಡುತ್ತಾ, ಬಲವಾಗಿ ಒತ್ತಿ, ಲೋಹದ ಸುರುಳಿ ಹೊರಬರುವುದು ನಿಲ್ಲದಂತೆ ಕೊರೆಯಿರಿ. ತಳ ಹೊಳೆದೇಬಿಟ್ಟಿದ್ದರೆ ಹೊಸದಾಗಿ ಸಾಣೆ ಹಿಡಿದ ಬಿಟ್ ಹಾಕಿ, ಸಾಧ್ಯವಾದರೆ ತಗಡಿನ ಆಚೆ ಬದಿಯಿಂದ ಶುರುಮಾಡಿ.