ಶಾರ್ಟ್ ಸರ್ವ್ ನೋಟ್‌ಬುಕ್: ಎಂಟನೇ ವಾರದ ಲೆಕ್ಕ

ಶಟಲ್ ಆಟದಲ್ಲಿ ನೆಟ್ ಮೇಲೆ ತಗ್ಗಾಗಿ ದಾಟಿಸಿ ಹತ್ತಿರದಲ್ಲೇ ಬೀಳಿಸುವುದು ಶಾರ್ಟ್ ಸರ್ವ್. ಇವತ್ತು ಬೆಳಿಗ್ಗೆ ಹೊಡೆದ 50 ಸರ್ವ್‌ಗಳಲ್ಲಿ 36, ಅಭ್ಯಾಸಕ್ಕೆ ಅಂತ ನೆಟ್ ಮೇಲೆ ಕಟ್ಟಿದ ದಾರದ ಕೆಳಗೆ ಹೋದವು. ಮೊದಲ ದಿನ ಹೋಗಿದ್ದು 21. ಎಂಟು ವಾರಕ್ಕೆ ಇದು ದೊಡ್ಡ ಏರಿಕೆ ಅಲ್ಲ, ಆದರೂ ಮನಸ್ಸಿಗೆ ಖುಷಿಯಾಗಿದೆ.

ಹೊಸದಾಗಿ ಓದುವವರಿಗೆ ಹಿಂದಿನ ಕಥೆ. ನಾನೂ ನಮ್ಮ ಮೇಲಿನ ಮನೆ ಅಕ್ಕನೂ ಬನಶಂಕರಿಯ ಒಂದು ಶೀಟ್ ಛಾವಣಿಯ ಕೋರ್ಟ್‌ನಲ್ಲಿ ಶಟಲ್ ಡಬಲ್ಸ್ ಆಡುತ್ತೇವೆ. ಬೆಳಿಗ್ಗೆ ಐದೂವರೆಯಿಂದ ಆರೂವರೆವರೆಗೆ ಕೋರ್ಟ್ ನಮ್ಮದು. ಹೋದ ವರ್ಷ ಒಂದು ಟೂರ್ನಿಗೆ ಹೆಸರು ಕೊಟ್ಟಾಗ ನನ್ನ ಗುರಿ ಒಂದೇ ಇತ್ತು: ಸೆಮಿಫೈನಲ್‌ಗೆ ಹೋಗಬೇಕು. ಮೊದಲ ಪಂದ್ಯದ ಮೂರನೇ ಗೇಮ್‌ನಲ್ಲಿ 19–19 ಆದಾಗ ಸರ್ವ್ ನನ್ನ ಕೈಗೆ ಬಂತು. ನೆಟ್‌ಗೆ ಹೊಡೆದೆ. ಮುಂದಿನ ರ‍್ಯಾಲಿಯೂ ಅವರದೇ. ಅಲ್ಲಿಗೆ ಮುಗಿಯಿತು.

ವಾಪಸ್ ಬರುವಾಗ ಆಟೋದಲ್ಲಿ ಅಕ್ಕ ಕೇಳಿದರು, "ಆ ಸರ್ವ್ ಹೊಡೆಯುವಾಗ ಏನು ಯೋಚನೆ ಮಾಡ್ತಿದ್ದೆ?"

"ಇದೊಂದು ಗೆದ್ರೆ ಸೆಮಿ ಹತ್ರ ಹೋಗ್ತೀವಿ ಅಂತ."

"ಅದಕ್ಕೇ ಕಣೇ. ಕೈ ಇಲ್ಲಿತ್ತು, ತಲೆ ಅಲ್ಲಿತ್ತು."

ಆ ಮಾತು ಬಹಳ ದಿನ ಕಾಡಿತು. ಆಮೇಲೆ ಕ್ರೀಡಾ ಮನಶ್ಶಾಸ್ತ್ರದಲ್ಲಿ ಗುರಿಯ ಬಗ್ಗೆ ಏನು ಹೇಳಿದ್ದಾರೆ ಅಂತ ಹುಡುಕಿ ಓದಿದೆ. ಎಡ್ವಿನ್ ಲಾಕ್ 1968ರಲ್ಲಿ ಬರೆದ ಪ್ರಬಂಧದ ತಿರುಳು ಇದು: "ಕೈಲಾದಷ್ಟು ಮಾಡು" ಅನ್ನುವುದಕ್ಕಿಂತ, ಇಷ್ಟೇ ಅಂತ ಖಚಿತವಾಗಿರುವ, ಸ್ವಲ್ಪ ಕಷ್ಟದ ಗುರಿ ಜಾಸ್ತಿ ಕೆಲಸ ಮಾಡಿಸುತ್ತದೆ. 1985ರಲ್ಲಿ ಲಾಕ್ ಮತ್ತು ಗ್ಯಾರಿ ಲೇಥಮ್ ಇದನ್ನು ಕ್ರೀಡೆಗೂ ತಂದರು. ಕ್ರೀಡೆಯಲ್ಲಿ ಗುರಿಯನ್ನು ಮೂರು ಬಗೆಯಾಗಿ ನೋಡುತ್ತಾರೆ. ಗೆಲ್ಲುವುದು, ಸೆಮಿಗೆ ಹೋಗುವುದು ಫಲಿತಾಂಶದ ಗುರಿ. 50ಕ್ಕೆ 40 ಸರ್ವ್ ಸರಿ ಹೋಗಬೇಕು ಅನ್ನುವುದು ಸಾಧನೆಯ ಗುರಿ. ಇಲ್ಲಿ ಹೋಲಿಕೆ ನಮ್ಮ ಜೊತೆಗೆ ಮಾತ್ರ. ಹೊಡೆಯುವ ಕ್ಷಣದಲ್ಲಿ ಏನು ಮಾಡಬೇಕು ಅನ್ನುವುದು ವಿಧಾನದ ಗುರಿ. ಸೆಮಿ ನನ್ನ ಕೈಯಲ್ಲಿಲ್ಲ. ಎದುರಾಳಿ ಯಾರು, ಡ್ರಾ ಹೇಗೆ ಬೀಳುತ್ತದೆ, ಎಲ್ಲವೂ ಅದರಲ್ಲಿ ಸೇರಿದೆ. ಸರ್ವ್ ತಳ್ಳುವ ಹೆಬ್ಬೆರಳು ಮಾತ್ರ ನನ್ನದು!

ಹಾಗಾಗಿ ನೋಟ್‌ಬುಕ್ ಶುರುವಾಯಿತು. ನೆಟ್ ಕಂಬಗಳಿಗೆ ಎರಡು ಕೋಲು ಕಟ್ಟಿ, ನೆಟ್‌ಗಿಂತ ಒಂದು ಗೇಣು ಮೇಲೆ ಹೂ ಕಟ್ಟುವ ದಾರ ಎಳೆದೆವು. ಶಟಲ್ ನೆಟ್‌ಗೂ ದಾರಕ್ಕೂ ನಡುವೆ ಹೋಗಬೇಕು, ಶಾರ್ಟ್ ಸರ್ವ್ ಗೆರೆ ದಾಟಿ ಬೀಳಬೇಕು. ಆ ಗೆರೆ ನೆಟ್‌ನಿಂದ 1.98 ಮೀಟರ್ ದೂರ. ಮಗಳು ಪಕ್ಕದಲ್ಲಿ ಕೂತು ಗೀಟು ಹಾಕುತ್ತಾಳೆ.

ಮೊದಲ ಎರಡು ವಾರ ಸಂಖ್ಯೆ ಅಲುಗಲೇ ಇಲ್ಲ. 21, 23, 20, 24. ತಪ್ಪು ಎಲ್ಲಿದೆ ಅಂತ ಅಕ್ಕ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ತೋರಿಸಿದರು. ನಾನು ಕಲಿತದ್ದು ಸೊಂಟದ ಕೆಳಗೆ ಹೊಡೆಯಬೇಕು ಅನ್ನುವ ಹಳೆಯ ನಿಯಮದ ಕಾಲದಲ್ಲಿ. 2018ರಿಂದ ನಿಯಮ ಬದಲಾಗಿದೆ. ಶಟಲ್‌ಗೆ ಏಟು ಬೀಳುವಾಗ ಅದು ನೆಲದಿಂದ 1.15 ಮೀಟರ್ ಒಳಗಿದ್ದರೆ ಸಾಕು. ನನ್ನ ಎತ್ತರಕ್ಕೆ ಅದು ಎದೆಯ ಕೆಳಗಿನವರೆಗೂ ಬರುತ್ತದೆ. ನಾನು ಸುಮ್ನೆ ಅಷ್ಟು ಕೆಳಗಿನಿಂದ ಎತ್ತಿ ಹೊಡೆಯುತ್ತಿದ್ದೆ, ಅದಕ್ಕೇ ಶಟಲ್ ಮೇಲಕ್ಕೆ ಹಾರುತ್ತಿತ್ತು. ಟೇಪ್ ಹಿಡಿದು ಗೋಡೆ ಮೇಲೆ ಗುರುತು ಹಾಕಿ, ಅದಕ್ಕಿಂತ ಎರಡು ಬೆರಳು ಕೆಳಗೆ ಕೈ ನಿಲ್ಲಿಸುವುದನ್ನು ಅಭ್ಯಾಸ ಮಾಡಿದೆ. ಜೊತೆಗೆ ಎರಡೇ ಮಾತು ಬರೆದುಕೊಂಡೆ: "ಕಣ್ಣು ಕಾರ್ಕ್ ಮೇಲೆ. ಹೆಬ್ಬೆರಳಿನಿಂದ ತಳ್ಳು." ನಾಲ್ಕನೇ ವಾರದ ಕೊನೆಗೆ 33 ಆಯಿತು.

ಐದನೇ ವಾರ ಅಕ್ಕ ಎದುರಿಗೆ ರ‍್ಯಾಕೆಟ್ ಎತ್ತಿ ನಿಂತರು. ಅಷ್ಟೇ, 33 ಇದ್ದದ್ದು 19ಕ್ಕೆ ಇಳಿಯಿತು. ಅಳುವೇ ಬಂತು. ಖಾಲಿ ಕೋರ್ಟ್‌ನಲ್ಲಿ ಬಂದ ಸಂಖ್ಯೆ ಪಂದ್ಯದ ಸಂಖ್ಯೆ ಅಲ್ಲ ಅಂತ ಆ ದಿನ ಗೊತ್ತಾಯಿತು. ಅಲ್ಲಿಂದ ಎರಡು ಕಾಲಂ ಮಾಡಿದ್ದೇನೆ, "ಖಾಲಿ" ಮತ್ತು "ಅಕ್ಕ ಎದುರಿಗೆ". ಮೇಲೆ ಹೇಳಿದ 36 ಖಾಲಿ ಕಾಲಂನದು. ಅಕ್ಕ ಎದುರಿಗಿದ್ದಾಗ ಈಗ 29.

ದಿನಕ್ಕೆ 50 ಅನ್ನುವ ಗುರಿಯನ್ನೂ ಆರನೇ ವಾರ ಬಿಟ್ಟೆ. ಎರಡು ದಿನ ಮಗಳಿಗೆ ಜ್ವರ ಬಂದು ತಪ್ಪಿದಾಗ, ಇನ್ನು ಎಲ್ಲಾ ಹೋಯಿತು ಅನ್ನಿಸಿ ಮೂರನೇ ದಿನವೂ ಹೋಗಲಿಲ್ಲ. ಈಗ ವಾರಕ್ಕೆ 200. ಯಾವ ದಿನ ಎಷ್ಟು ಅನ್ನುವುದು ಮನೆಯ ಪರಿಸ್ಥಿತಿಗೆ ಬಿಟ್ಟಿದ್ದು. ಪ್ರಕಾಶ್ ಪಡುಕೋಣೆ ಅವರು ಚಿಕ್ಕವರಿದ್ದಾಗ ಆಡಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ಹಾಲ್ ಕೂಡ ಆಗಿತ್ತು, ಮದುವೆ ಇದ್ದ ದಿನ ಆಟ ಇಲ್ಲ. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದರು. ತಪ್ಪಿದ ದಿನಗಳ ಬಗ್ಗೆ ಕೊರಗುವಾಗ ನಾನು ಆ ಹಾಲ್ ನೆನಪು ಮಾಡಿಕೊಳ್ಳುತ್ತೇನೆ.

ಏಳನೇ ವಾರ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಎಣಿಸಿದ್ದು ಸುಧಾರಿಸುತ್ತದೆ, ಎಣಿಸದೇ ಬಿಟ್ಟಿದ್ದು ಸೊರಗುತ್ತದೆ. ಶಾರ್ಟ್ ಸರ್ವ್ ಒಂದನ್ನೇ ಎಣಿಸಿ ಎಣಿಸಿ ಫ್ಲಿಕ್ ಸರ್ವ್, ಅಂದರೆ ಶಾರ್ಟ್ ಅನ್ನುವಂತೆ ತೋರಿಸಿ ಎದುರಾಳಿಯ ತಲೆ ಮೇಲಿಂದ ಹಿಂದಕ್ಕೆ ಹಾರಿಸುವುದು, ಮಾಡುವುದನ್ನೇ ನಿಲ್ಲಿಸಿದ್ದೆ. ಅಕ್ಕ ಅದನ್ನು ಹಿಡಿದುಬಿಟ್ಟರು. ಪ್ರತಿ ಸಲ ಮುಂದೆ ನುಗ್ಗಿ ನೆಟ್ ಮೇಲೇ ಹೊಡೆದು ಹಾಕುತ್ತಿದ್ದರು. ಗುರಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದು ನಾನೇ. ಈಗ ಹತ್ತಕ್ಕೆ ಎರಡು ಫ್ಲಿಕ್, ಯಾವಾಗ ಅಂತ ಅಕ್ಕನಿಗೆ ಹೇಳುವುದಿಲ್ಲ.

ಸೆಮಿಯ ಆಸೆ ಬಿಟ್ಟೆನಾ? ಇಲ್ಲ. 1999ರ ಒಂದು ಅಧ್ಯಯನದಲ್ಲಿ, ಒಂದೇ ಬಗೆಯ ಗುರಿ ಇಟ್ಟುಕೊಂಡವರಿಗಿಂತ ಬೇರೆ ಬೇರೆ ಬಗೆಯ ಗುರಿಗಳನ್ನು ಜೊತೆಯಾಗಿ ಇಟ್ಟುಕೊಂಡವರೇ ಚೆನ್ನಾಗಿ ಮಾಡಿದ್ದರು. ನನಗೂ ಅದೇ ಸರಿ ಅನ್ನಿಸುತ್ತದೆ. ಚಳಿಯಲ್ಲಿ ಐದಕ್ಕೆ ಎಬ್ಬಿಸುವುದು ಸೆಮಿಯೇ, ಹೆಬ್ಬೆರಳಲ್ಲ. ಕೋರ್ಟ್ ಗೆರೆ ದಾಟಿದ ಮೇಲೆ ಮಾತ್ರ ಅದನ್ನು ಹೊರಗೆ ಬಿಡಬೇಕು. ಅದಕ್ಕೆ ನೋಟ್‌ಬುಕ್‌ನ ಮೊದಲ ಪುಟದಲ್ಲಿ "ಸೆಮಿ" ಅಂತ ಬರೆದಿದ್ದೇನೆ, ಬೇರೆ ಯಾವ ಪುಟದಲ್ಲೂ ಆ ಪದ ಇಲ್ಲ.

ಮುಂದಿನ ವಾರ: ಅಕ್ಕ ಎದುರಿಗೆ ನಿಂತು 50ಕ್ಕೆ 32. ಕೊನೆಯ ಹತ್ತು ಸರ್ವ್ ಹೊಡೆಯುವಾಗ ಮಗಳು ಜೋರಾಗಿ "19–19" ಅಂತ ಕೂಗುತ್ತಾಳೆ. ಇದು ಅವಳದೇ ಐಡಿಯಾ. ದಾರ ಸಡಿಲವಾಗಿದೆ, ಹೊಸದು ಕಟ್ಟಬೇಕು.