ಅವ್ವನಿಗೆ ಫೋನು ಹತ್ತದ ದಿನಗಳು

ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಯೊಂದರಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ ಮೇಲೆ, 2023ರ ಸೆಪ್ಟೆಂಬರಿನಲ್ಲಿ ಕಂಪನಿಯವರು ನನ್ನನ್ನು ಚೀನಾದ ಝೆಜಿಯಾಂಗ್ ಪ್ರಾಂತ್ಯದ ನಿಂಗ್ಬೋ ನಗರಕ್ಕೆ ಕಳುಹಿಸಿದರು. ಅಲ್ಲಿಂದ ನಾವು ತರಿಸಿಕೊಳ್ಳುತ್ತಿದ್ದ ವಾಲ್ವುಗಳ ಎರಕವನ್ನು ಅಲ್ಲಿಯೇ ಇದ್ದು ಪರೀಕ್ಷಿಸಿ, ಸರಿಯಿದ್ದುದನ್ನು ಮಾತ್ರ ಹಡಗಿಗೆ ಹಾಕಿಸುವುದು ನನ್ನ ಕೆಲಸವಾಗಿತ್ತು. 2025ರ ಮೇ ತಿಂಗಳಲ್ಲಿ ಮರಳಿ ಬಂದೆ. ಆ ಇಪ್ಪತ್ತು ತಿಂಗಳುಗಳ ಊಟ, ಚಳಿ, ಭಾಷೆಗಳ ಬಗ್ಗೆ ಕೇಳುವವರು ಬಹಳ ಮಂದಿ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಜೇಬಿನಲ್ಲಿದ್ದ ಫೋನು, ಮತ್ತು ಅದರ ಬಗ್ಗೆ ಇದುವರೆಗೆ ಯಾರೂ ಕೇಳಿಲ್ಲ.

ಆಗ ಎರಡು ದೇಶಗಳ ನಡುವೆ ನೇರ ವಿಮಾನಗಳಿರಲಿಲ್ಲ. ಬ್ಯಾಂಕಾಕಿನ ಮೇಲೆ ಹಾಯ್ದು ಶಾಂಘೈಗೆ ಹೋದೆ. ಇಲ್ಲಿಂದಲೇ ಹಾಕಿಸಿಕೊಂಡು ಹೋಗಿದ್ದ ರೋಮಿಂಗ್ ಪ್ಯಾಕನ್ನು ವಿಮಾನ ನಿಲ್ದಾಣದಲ್ಲಿ ಚಾಲೂ ಮಾಡಿದೊಡನೆ ವಾಟ್ಸ್ಆ್ಯಪ್ ಸಂದೇಶಗಳು ಒಂದರ ಹಿಂದೊಂದು ಬಂದವು. ಬೈಲಹೊಂಗಲದಲ್ಲಿರುವ ಅವ್ವನಿಗೆ ವಿಡಿಯೊ ಕಾಲ್ ಮಾಡಿ ಮುಖ ತೋರಿಸಿದೆ. ಚೀನಾದಲ್ಲಿ ಇದ್ಯಾವುದೂ ನಡೆಯುವುದಿಲ್ಲ ಎಂದು ಊರಿನಲ್ಲಿ ಹಲವರು ಹೇಳಿದ್ದರು. ಅದು ಹಳೆಯ ಮಾತಾಗಿರಬೇಕು ಎಂದುಕೊಂಡೆ. ಆ ಸಂಜೆ ನಿಂಗ್ಬೋದ ಬಾಡಿಗೆ ಮನೆಯನ್ನು ಸೇರಿ, ಪ್ಯಾಕಿನ ಡೇಟಾ ಉಳಿಯಲೆಂದು ರೋಮಿಂಗನ್ನು ನಿಲ್ಲಿಸಿ ಮನೆಯ ವೈಫೈಗೆ ಜೋಡಿಸಿಕೊಂಡೆ. ಮನೆ ಸೇರಿದೆನೆಂದು ಅವ್ವನಿಗೆ ಕಳುಹಿಸಿದ ಸಾಲಿನ ಪಕ್ಕದಲ್ಲಿ ಗಡಿಯಾರದ ಸಣ್ಣ ಗುರುತು ಮೂಡಿತು, ಮತ್ತು ಮರುದಿನ ಬೆಳಗಿನವರೆಗೂ ಅದು ಹಾಗೆಯೇ ಇತ್ತು.

ಕಾರಣ ಆಮೇಲೆ ತಿಳಿಯಿತು. ಪರದೇಶದ ಸಿಮ್ ರೋಮಿಂಗಿನಲ್ಲಿರುವಾಗ ಅದರ ಡೇಟಾ ಸಾಮಾನ್ಯವಾಗಿ ಸಿಮ್ ಕೊಟ್ಟ ಕಂಪನಿಯ ಜಾಲಕ್ಕೆ ಮರಳಿ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಸೇರುತ್ತದೆ. ಶಾಂಘೈಯಲ್ಲಿ ನಾನು ನಿಂತಿದ್ದಾಗಲೂ ನನ್ನ ಫೋನು ಇಂಟರ್ನೆಟ್ಟಿನ ಲೆಕ್ಕದಲ್ಲಿ ಭಾರತದಲ್ಲಿಯೇ ಇತ್ತು. ವೈಫೈಗೆ ಸೇರಿದ ಕ್ಷಣದಲ್ಲಿ ಅದೂ ಚೀನಾಕ್ಕೆ ಬಂತು. ಯೂಟ್ಯೂಬ್ 2009ರ ಮಾರ್ಚಿನಿಂದ, ಫೇಸ್‌ಬುಕ್ ಅದೇ ವರ್ಷದ ಜುಲೈಯಿಂದ, ಜಿಮೇಲ್ 2014ರ ಕೊನೆಯಿಂದ, ವಾಟ್ಸ್ಆ್ಯಪ್ 2017ರಿಂದ ಆ ದೇಶದಲ್ಲಿ ತಡೆಗೊಂಡಿವೆ. ಇವನ್ನೆಲ್ಲ ಹೋಗುವ ಮೊದಲೇ ಓದಿದ್ದೆ. ಆದರೆ ತಡೆ ಎಂದರೆ ಬಾಗಿಲಿಗೆ ಬೀಗ ಜಡಿದು ಮೇಲೊಂದು ಫಲಕವನ್ನು ತೂಗುಹಾಕಿರುತ್ತಾರೆ ಎಂಬುದು ನನ್ನ ಕಲ್ಪನೆಯಾಗಿತ್ತು. ಅಲ್ಲಿ ಫಲಕವೇ ಇರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಯಾವುದಾದರೂ ತಾಣದ ಹೆಸರನ್ನು ಕೊಟ್ಟಾಗ ಫೋನು ಮೊದಲು ಆ ಹೆಸರಿಗೆ ಸೇರಿದ ಅಂಕಿಯ ವಿಳಾಸವನ್ನು ವಿಚಾರಿಸುತ್ತದೆ. ತಡೆಯಬೇಕಾದ ಹೆಸರನ್ನು ವಿಚಾರಿಸಿದರೆ, ಸರಿಯಾದ ಉತ್ತರ ಬರುವ ಮೊದಲೇ ತಪ್ಪು ವಿಳಾಸವೊಂದನ್ನು ಫೋನಿಗೆ ಮುಟ್ಟಿಸಲಾಗುತ್ತದೆ, ಫೋನು ಅದನ್ನೇ ನಂಬಿಕೊಂಡು ಅಲ್ಲಿಗೆ ಹೋಗುತ್ತದೆ. ಸರಿಯಾದ ವಿಳಾಸ ಸಿಕ್ಕರೂ, ಸಂಪರ್ಕ ಆರಂಭವಾಗುವ ಗಳಿಗೆಯಲ್ಲಿ ತಾಣದ ಹೆಸರು ಸಾಮಾನ್ಯವಾಗಿ ಮರೆಯಿಲ್ಲದೆ ಸಾಗುವುದರಿಂದ, ಅದನ್ನು ದಾರಿಯಲ್ಲಿ ಓದಿ, ಸಂಪರ್ಕವನ್ನು ಮುಗಿಸಲಾಗಿದೆ ಎಂಬ ಸುಳ್ಳು ಸೂಚನೆಯನ್ನು ಎರಡೂ ಕಡೆಗೆ ಕಳುಹಿಸುತ್ತಾರೆ. ಇನ್ನು ಕೆಲವು ವಿಳಾಸಗಳಿಗೆ ಹೊರಟ ಡೇಟಾದ ತುಣುಕುಗಳನ್ನು, ಅಂದರೆ ಪ್ಯಾಕೆಟ್ಟುಗಳನ್ನು, ನಡುದಾರಿಯಲ್ಲಿ ಬೀಳಿಸಿಬಿಡುತ್ತಾರೆ. ಇವುಗಳಲ್ಲಿ ಯಾವುದು ನಡೆದರೂ ಪರದೆಯ ಮೇಲೆ ಕಾಣುವುದು ತಿರುಗುವ ಚಕ್ರ, ಅಥವಾ ಸಂಪರ್ಕ ಸಿಗುತ್ತಿಲ್ಲ ಎಂಬ ಒಂದು ಸಾಲು. ಬೈಲಹೊಂಗಲದಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗಲೂ ಅದೇ ಸಾಲು ಕಾಣುತ್ತದೆ.

ಆದ್ದರಿಂದ ಮೊದಲ ವಾರವಿಡೀ ನಾನು ವೈಫೈ ಪೆಟ್ಟಿಗೆಯನ್ನು ಬಿಚ್ಚಿ ಹಾಕುತ್ತಿದ್ದೆ, ಫೋನನ್ನು ಬಂದ್ ಮಾಡಿ ಚಾಲೂ ಮಾಡುತ್ತಿದ್ದೆ. ಮನೆಯ ಮಾಲಕಿಯನ್ನು ಕರೆಸಿ ನೆಟ್ ಬರುತ್ತಿಲ್ಲ ಎಂದು ದೂರಿದಾಗ, ಆಕೆ ತಮ್ಮ ಫೋನಿನಲ್ಲಿ ಎಲ್ಲಿಯೂ ನಿಲ್ಲದೆ ಓಡುತ್ತಿದ್ದ ವಿಡಿಯೊವೊಂದನ್ನು ತೋರಿಸಿ, ನನ್ನ ಫೋನಿನ ಕಡೆಗೆ ಮರುಕದಿಂದ ನೋಡಿದರು. ಎರಕದೊಳಗೆ ಬ್ಲೋಹೋಲ್, ಅಂದರೆ ಗಾಳಿ ಸಿಕ್ಕಿಕೊಂಡು ಉಳಿದ ಟೊಳ್ಳು, ಇದ್ದರೆ ಹೊರಮೈ ನುಣುಪಾಗಿಯೇ ಇರುತ್ತದೆ. ಮಷೀನಿಂಗಿಗೆ ಕೊಟ್ಟಾಗ ಟೂಲು ಅಲ್ಲಿಗೆ ತಲುಪಿದ ಮೇಲಷ್ಟೇ ಅದು ಬಯಲಾಗುತ್ತದೆ. ಆ ದೇಶದ ಇಂಟರ್ನೆಟ್ಟಿನ ಹೊರಮೈಯೂ ಬಹಳ ನುಣುಪಾಗಿತ್ತು.

ಅದು ನನಗೆ ಚೆನ್ನಾಗಿ ತಾಗಿದ್ದು ಅಕ್ಟೋಬರಿನಲ್ಲಿ. ಎರಕಕ್ಕೆ ಬೇಕಾದ ಮರಳಿನ ಅಚ್ಚು ಮಾಡುವ ಕೋರ್ ಶಾಪಿನಲ್ಲಿ ನನ್ನೊಂದಿಗಿದ್ದ ಹಿರಿಯರೊಬ್ಬರು, ಅನುವಾದದ ಆ್ಯಪನ್ನು ನಡುವೆ ಇಟ್ಟುಕೊಂಡು, ನನ್ನ ಊರಿನ ವಿಶೇಷವೇನು ಎಂದು ಕೇಳಿದರು. ಊರಿನ ಹತ್ತಿರದ ಕಿತ್ತೂರಿನಲ್ಲಿ ರಾಣಿಯೊಬ್ಬಳಿದ್ದಳು, 1824ರ ಅಕ್ಟೋಬರಿನಲ್ಲಿ ಅವಳ ಸೈನ್ಯ ಬ್ರಿಟಿಷರ ಪಡೆಯನ್ನು ಸೋಲಿಸಿ ಕಲೆಕ್ಟರ್ ಥ್ಯಾಕರೆಯನ್ನು ಕೊಂದಿತು, ಆಮೇಲೆ ಸೆರೆಯಾದ ಅವಳು 1829ರಲ್ಲಿ ನಮ್ಮ ಬೈಲಹೊಂಗಲದಲ್ಲಿಯೇ ತೀರಿಕೊಂಡಳು, ಅವಳ ಸಮಾಧಿ ಈಗಲೂ ಅಲ್ಲಿದೆ ಎಂದು ಹೇಳಿದೆ. ಅವರು ಕೆಲಸವನ್ನು ನಿಲ್ಲಿಸಿ ಕೇಳಿದರು. ಚನ್ನಮ್ಮನ ಚಿತ್ರವನ್ನು ತೋರಿಸಲೆಂದು ಕನ್ನಡ ವಿಕಿಪೀಡಿಯದ ಪುಟವನ್ನು ತೆರೆಯಹೋದೆ. ಚಕ್ರ ತಿರುಗತೊಡಗಿತು. ವಿಕಿಪೀಡಿಯದ ಚೀನೀ ಆವೃತ್ತಿಯನ್ನು 2015ರಲ್ಲಿ ತಡೆದಿದ್ದವರು 2019ರ ಏಪ್ರಿಲ್‌ನಲ್ಲಿ ಎಲ್ಲ ಭಾಷೆಗಳ ಆವೃತ್ತಿಗಳನ್ನೂ ತಡೆದರು, ಅವುಗಳ ಜೊತೆಗೆ ಕನ್ನಡದ್ದೂ ಹೋಯಿತು. ಆ ಪುಟದಲ್ಲಿ ಆ ದೇಶಕ್ಕೆ ಅಹಿತವಾದ ಒಂದು ಅಕ್ಷರವೂ ಇರಲಿಲ್ಲ, ಆ ಊರಿನಲ್ಲಿ ಅದನ್ನು ಓದಬಲ್ಲವನು ಬಹುಶಃ ನಾನೊಬ್ಬನೇ. ಆ ಹಿರಿಯರು ನನ್ನ ಫೋನು ಹಳೆಯದಾಗಿದೆ ಎಂದು ತಿಳಿದು, ಅಗ್ಗದ ದರದಲ್ಲಿ ಹೊಸ ಫೋನು ಸಿಗುವ ಅಂಗಡಿಯನ್ನು ನಕ್ಷೆಯಲ್ಲಿ ತೋರಿಸಿದರು. ಅವರಿಗೆ ನಿಜ ಸಂಗತಿಯನ್ನು ಹೇಳಬೇಕೆ ಬೇಡವೇ ಎಂದು ಯೋಚಿಸಿ, ಹೇಳದೆ ಸುಮ್ಮನಾದೆ.

ಅಲ್ಲಿಯ ಸಿಮ್ ಕಾರ್ಡಿಗೆ ಪಾಸ್‌ಪೋರ್ಟ್ ಕೊಟ್ಟು, ಕ್ಯಾಮೆರಾದ ಮುಂದೆ ಮುಖ ತೋರಿಸಬೇಕಾಯಿತು. ಆ ನಂಬರಿನಿಂದ ವೀಚಾಟ್ ಖಾತೆ ತೆರೆದೆ. ಮಾತು, ಹಣ, ಬಸ್ಸಿನ ಟಿಕೆಟ್, ವಿದ್ಯುತ್ ಬಿಲ್ಲು, ಕಾರ್ಖಾನೆಯ ಗ್ರೂಪು ಎಲ್ಲವೂ ಅದೊಂದೇ ಆ್ಯಪಿನಲ್ಲಿ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಬಳಿಯೂ ಕ್ಯೂಆರ್ ಹಲಗೆಯಿತ್ತು. ಗಣಪತಿ ಗಲ್ಲಿಯಲ್ಲಿ ಈಗ ನಾವು ಯುಪಿಐ ಮಾಡುವುದಕ್ಕಿಂತ ಅದು ಬೇರೆಯಾಗಿರಲಿಲ್ಲ. ವ್ಯತ್ಯಾಸ ಮತ್ತೊಂದೆಡೆ ಇತ್ತು. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಚೀನಾದ ನಂಬರಿನಿಂದ ತೆರೆದ ವೀಚಾಟ್ ಖಾತೆಗಳಲ್ಲಿ ನಿಷಿದ್ಧ ಪದಗಳಿರುವ ಸಂದೇಶಗಳು ಆಚೆಯವರಿಗೆ ತಲುಪುವುದಿಲ್ಲ, ಮತ್ತು ತಲುಪಲಿಲ್ಲ ಎಂಬುದನ್ನು ಕಳುಹಿಸಿದವರಿಗೆ ತಿಳಿಸುವುದೂ ಇಲ್ಲ. ಇದನ್ನು ಓದಿದ್ದರಿಂದ ನನಗೊಂದು ಕೆಟ್ಟ ರೂಢಿಯಾಯಿತು. ಯಾರಾದರೂ ಉತ್ತರ ಕೊಡಲು ತಡ ಮಾಡಿದರೆ, ನಾನು ಬರೆದುದರಲ್ಲಿ ಏನಿತ್ತೆಂದು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದೆ. ಬರೆದದ್ದು ಇಂಗ್ಲಿಷಿನಲ್ಲಿ ಮರಳಿನ ತೇವಾಂಶದ ಲೆಕ್ಕ, ಆದರೂ ಓದಿಕೊಳ್ಳುತ್ತಿದ್ದೆ.

ಅವ್ವ ಅಕ್ಷರ ಕೂಡಿಸಿ ಬರೆಯುವವಳಲ್ಲ, ಅವಳದೆಲ್ಲ ವಾಟ್ಸ್ಆ್ಯಪಿನ ವಾಯ್ಸ್ ಮೆಸೇಜು. ನಾನು ರವಿವಾರ ಒಂದು ತಾಸು ಮಾತ್ರ ರೋಮಿಂಗ್ ಚಾಲೂ ಮಾಡುತ್ತಿದ್ದೆ, ಏಕೆಂದರೆ ಹತ್ತು ದಿನಗಳ ಪ್ಯಾಕಿಗೆ ತಗಲುತ್ತಿದ್ದ ಹಣದಲ್ಲಿ ಅಕ್ಕನ ಮಗನ ಫೋನಿಗೆ ಹೆಚ್ಚುಕಡಿಮೆ ವರ್ಷದ ರೀಚಾರ್ಜು ಆಗುತ್ತಿತ್ತು. ಆಗ ವಾರವಿಡೀ ಅವಳು ಕಳುಹಿಸಿದ ಮಾತುಗಳು ಒಟ್ಟಿಗೆ ಬಂದು ಬೀಳುತ್ತಿದ್ದವು. ಸೋಮವಾರದ ಮಾತಿನಲ್ಲಿ ಸಿಟ್ಟು, ಬುಧವಾರದ್ದರಲ್ಲಿ ಹೆದರಿಕೆ, ಶುಕ್ರವಾರದ್ದರಲ್ಲಿ ಬರೇ ಉಸಿರು. "ಯಾಕೋ ತಮ್ಮಾ, ಫೋನ್ ಹತ್ತವಲ್ದು. ಆರಾಮ ಇದ್ದೀ ಇಲ್ಲೋ? ಒಂದ್ ಮಾತರೆ ಆಡೋ." ಸರ್ಕಾರ ತಡೆದಿದೆ ಎಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಮಗ ತಾಯಿಯೊಡನೆ ಮಾತಾಡುವುದನ್ನು ಯಾವ ಸರ್ಕಾರ ಯಾಕೆ ತಡೆಯಬೇಕು ಎಂದು ಅವಳು ಕೇಳಿದ್ದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ವಿಪಿಎನ್, ಅಂದರೆ ಬೇರೆ ದೇಶದ ದಾರಿಯಿಂದ ಇಂಟರ್ನೆಟ್ಟಿಗೆ ಸೇರಿಸಿ ತಡೆಯನ್ನು ದಾಟಿಸುವ ಆ್ಯಪ್, ಹಾಕಿಕೊಳ್ಳಬಹುದಿತ್ತಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿಗೆ ಹೋದ ಮೇಲೆ ಅದನ್ನು ಇಳಿಸಿಕೊಳ್ಳುವುದೇ ಕಷ್ಟ; ಪ್ಲೇ ಸ್ಟೋರ್ ತೆರೆಯುವುದಿಲ್ಲ, ಆ್ಯಪಲ್ ಕಂಪನಿ ಸರ್ಕಾರದ ಸೂಚನೆಯಂತೆ 2017ರ ಜುಲೈಯಲ್ಲಿ ತನ್ನ ಚೀನೀ ಆ್ಯಪ್ ಸ್ಟೋರಿನಿಂದ ಅವನ್ನು ತೆಗೆದುಹಾಕಿದೆ. ಪರವಾನಗಿಯಿಲ್ಲದ ವಿಪಿಎನ್‌ಗಳ ವಿರುದ್ಧ ಅದೇ ವರ್ಷದಿಂದ ಬಿಗಿ ಹೆಚ್ಚಾಗಿದೆ. ಬಳಸುವ ಪರದೇಶದವರು ಸಾಕಷ್ಟಿದ್ದರು, ಅವರಿಗೆ ಏನೂ ಆಗಿದ್ದನ್ನು ನಾನು ಕಂಡಿಲ್ಲ. ಆದರೆ ನನ್ನ ವೀಸಾದ ಮೇಲೆ ಕಂಪನಿಯ ಹೆಸರಿತ್ತು, ಊರಿನಲ್ಲಿ ಮನೆಯ ಸಾಲವಿತ್ತು, ನಾನು ಹಾಕಿಕೊಳ್ಳಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಕಾರ್ಖಾನೆಯ ಮೀಟಿಂಗುಗಳಿಗೆ ಬಳಸುತ್ತಿದ್ದ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ, ಏಕೆಂದರೆ ಅದು ಅಲ್ಲಿ ನಮಗೆ ತಡೆಯಿಲ್ಲದೆ ನಡೆಯುತ್ತಿತ್ತು. ಅಕ್ಕನ ಮಗ ಅದನ್ನು ಅವ್ವನ ಫೋನಿಗೆ ಹಾಕಿ, ನೇರಳೆ ಬಣ್ಣದ ಗುರುತನ್ನು ಒತ್ತುವುದನ್ನು ಕಲಿಸಿದ. ಎಪ್ಪತ್ತೊಂದರ ವಯಸ್ಸಿನ ಅವ್ವ ಕಚೇರಿಯವರ ಆ್ಯಪಿನಲ್ಲಿ ಕುಳಿತು, ಹಿತ್ತಲಿನ ನುಗ್ಗೆಗಿಡಕ್ಕೆ ಕಂಬಳಿಹುಳು ಹತ್ತಿದೆ ಎಂದು ತೋರಿಸಿದ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ.

ಅಷ್ಟರಲ್ಲಿ ನನ್ನೊಳಗೊಂದು ಬದಲಾವಣೆಯಾಗಿತ್ತು. ಅಕ್ಕನ ಮಗ ಒಮ್ಮೆ ಮಾತಿನ ನಡುವೆ ಗಡಿಯ ಸುದ್ದಿ ತೆಗೆದು, "ಮಾಮಾ, ಅಲ್ಲಿ ಮಂದಿ ಏನಂತಾರ?" ಎಂದು ಕೇಳಿದ. ನಾನು ತಟ್ಟನೆ ಹವೆಯ ಮಾತಿಗೆ ತಿರುಗಿದೆ. ಅವನು ಮತ್ತೆ ಕೇಳಿದಾಗ ಗದರಿಸಿದೆ. ಯಾರೂ ನನಗೆ ಮಾತಾಡಬೇಡ ಎಂದಿರಲಿಲ್ಲ, ನಾವಾಡುತ್ತಿದ್ದುದು ಬೈಲಹೊಂಗಲ ಸೀಮೆಯ ಕನ್ನಡ, ಹುಡುಗನಿಗೆ ಹದಿನಾರು ವರ್ಷ. ಕುಟುಂಬದ ಗ್ರೂಪಿನಲ್ಲಿ ಹಿಂದೆ ನಾನೇ ಬರೆದಿದ್ದ ಎಷ್ಟೋ ಸಾಲುಗಳನ್ನು ಆ ರಾತ್ರಿ ಒಂದೊಂದಾಗಿ ಅಳಿಸಿದೆ. ಪುಟಗಳು ತೆರೆಯದಿದ್ದುದು ಹೊರಗಿನ ತಡೆ. ಇದು ನಾನೇ ನನಗೆ ಹಾಕಿಕೊಂಡದ್ದು. ಆ ಇಪ್ಪತ್ತು ತಿಂಗಳುಗಳಲ್ಲಿ ನಾನು ಅತಿ ಹೆಚ್ಚು ನಾಚಿಕೆಪಟ್ಟದ್ದು ಇದಕ್ಕೆ.

2024ರ ದೀಪಾವಳಿಗೆ ರಜೆಯ ಮೇಲೆ ಬಂದೆ. ಇಲ್ಲಿಗೆ ಬಂದ ಮೇಲೆ ನಿಂಗ್ಬೋದ ಕೆಲಸಗಾರರಿಗೆ ಒಂದು ಮಾತು ತಿಳಿಸಬೇಕಾಗಿತ್ತು, ವೀಚಾಟ್ ತೆರೆದರೆ ಅದೇ ತಿರುಗುವ ಚಕ್ರ. ಗಲ್ವಾನ್ ಘರ್ಷಣೆಯ ಬೆನ್ನಿಗೆ, 2020ರ ಜೂನ್ 29ರಂದು ಭಾರತ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಅಡಿಯಲ್ಲಿ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಟಿಕ್‌ಟಾಕಿನ ಜೊತೆ ವೀಚಾಟೂ ಇತ್ತು. ಚೀನಾದ ಸಿಮ್ ಹಾಕಿ ರೋಮಿಂಗ್ ಚಾಲೂ ಮಾಡಿದೆ. ಈ ಸಲ ನಾನು ಅನಗೋಳದ ಮನೆಯಲ್ಲಿದ್ದೆ, ಫೋನು ಚೀನಾದಲ್ಲಿತ್ತು, ಸಂದೇಶ ಹೋಯಿತು. ಎರಡು ದೇಶಗಳ ತಡೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಇಲ್ಲಿ ನಿಷೇಧಿಸಿದ ಆ್ಯಪ್‌ಗಳ ಪಟ್ಟಿಯನ್ನು ಸರ್ಕಾರ ಹೆಸರು ಸಹಿತ ಪ್ರಕಟಿಸಿತು, ಅದನ್ನು ಪತ್ರಿಕೆಗಳು ಚರ್ಚಿಸಿದವು, ಇಂದು ನಾನು ಇದನ್ನು ಹೆದರಿಕೆಯಿಲ್ಲದೆ ಬರೆಯುತ್ತಿದ್ದೇನೆ. ಹಾಗೆಂದು ನಿಶ್ಚಿಂತೆಯಿಂದ ಕುಳಿತುಕೊಳ್ಳಲು ನನಗೆ ಆಗುವುದಿಲ್ಲ. ಜಮ್ಮು ಮತ್ತು ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ನಿಂತ 4ಜಿ ಎಲ್ಲ ಕಡೆಗೂ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಇಂಟರ್ನೆಟ್ಟನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ನಿಲ್ಲಿಸುವ ಆದೇಶವನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟು 2020ರ ಜನವರಿ 10ರಂದು ಹೇಳಬೇಕಾಯಿತು. ಆಗ ಆ ಸುದ್ದಿಯನ್ನು ನಾನು ಚಹಾ ಕುಡಿಯುತ್ತ ಓದಿ ಪುಟ ತಿರುವಿದ್ದೆ. ಅಲ್ಲಿಯೂ ಒಬ್ಬ ಅವ್ವ ಫೋನು ಹಿಡಿದು ಕುಳಿತಿರುತ್ತಾಳೆ ಎಂಬುದು ಆಗ ನನ್ನ ಮನಸ್ಸಿಗೆ ಬರಲಿಲ್ಲ.

ಕಳೆದ ತಿಂಗಳು ನಮ್ಮ ಓಣಿಯ ಹುಡುಗನೊಬ್ಬ ತಾಯಿಯೊಡನೆ ಮನೆಗೆ ಬಂದಿದ್ದ. ವೈದ್ಯಕೀಯ ಓದಲು ಚೀನಾಕ್ಕೆ ಹೊರಟಿದ್ದಾನೆ. ನನಗೆ ತಿಳಿದಷ್ಟನ್ನು ಅವನಿಗೆ ಹೇಳಿದೆ: ಬ್ಯಾಂಕಿನ ಒಟಿಪಿ ಬರುವ ಇಲ್ಲಿಯ ಸಿಮ್ಮನ್ನು ಯಾವ ಕಾರಣಕ್ಕೂ ಬಂದ್ ಆಗಲು ಬಿಡಬೇಡ. ಬ್ಯಾಂಕಿನ ಆ್ಯಪನ್ನು ಹೊರಡುವ ಹಿಂದಿನ ದಿನ ಅಪ್‌ಡೇಟ್ ಮಾಡಿಕೊ, ಅಲ್ಲಿಗೆ ಹೋದ ಮೇಲೆ ಅದು ಅಪ್‌ಡೇಟ್ ಕೇಳಿ ಬಾಗಿಲು ಹಾಕಿಕೊಂಡರೆ ಪ್ಲೇ ಸ್ಟೋರ್ ಸಿಗುವುದಿಲ್ಲ. ಮುಖ್ಯ ಕಾಗದಗಳು ಜಿಮೇಲಿನಲ್ಲಿ ಮಾತ್ರ ಇದ್ದರೆ ಫೋನಿನೊಳಗೂ ಇಳಿಸಿಕೊ. ಕನ್ನಡದಲ್ಲಿ ಓದಬೇಕೆನಿಸುವುದನ್ನೂ ಹಾಗೆಯೇ ತುಂಬಿಕೊಂಡು ಹೋಗು. ಹುಡುಗ ಎಲ್ಲವನ್ನೂ ಬರೆದುಕೊಂಡ. ತಾಯಿ ಅಷ್ಟು ಹೊತ್ತು ಸುಮ್ಮನಿದ್ದವರು, ಏಳುವಾಗ ಕೇಳಿದರು: "ಅಣ್ಣಾರ, ಅವನ ಫೋನ್ ಹತ್ತಲಿಲ್ಲಂದ್ರ ನಾವ್ ಏನಂತ ತಿಳ್ಕೋಬೇಕ್ರಿ?"

"ಆರಾಮ ಇದ್ದಾನ ಅಂತನ ತಿಳ್ಕೋರಿ ಅಕ್ಕಾರ. ಆಮ್ಯಾಲ ಅಲ್ಲಿ ತಗೊಂಡ ಸಿಮ್ಮಿನ ನಂಬರಿಗೆ ಸಾದಾ ಐಎಸ್‌ಡಿ ಹಚ್ಚ್ರಿ. ಅದನ್ನ ಯಾರೂ ತಡ್ಯಾಂಗಿಲ್ಲ."

ಆ ನಂಬರು ಅವನಿಗೆ ಅಲ್ಲಿಗೆ ಮುಟ್ಟಿದ ಮೇಲೆ ಸಿಗಬೇಕು. ಅಲ್ಲಿಯವರೆಗೆ ಹಾಸ್ಟೆಲಿನ ಆಫೀಸಿನ ನಂಬರನ್ನು ಹುಡುಕಿ ತೆಗೆದೆವು. 86ರಿಂದ ಶುರುವಾಗುವ ಆ ಅಂಕಿಗಳನ್ನು ಅವರು ಫೋನಿನಲ್ಲಿ ಉಳಿಸಿಕೊಳ್ಳಲು ಒಪ್ಪಲಿಲ್ಲ. ಮಗನ ಪೆನ್ನನ್ನು ಇಸಿದುಕೊಂಡು, ನನ್ನ ಬಳಿ ಒಂದು ಹಾಳೆ ಕೇಳಿ, ದೊಡ್ಡ ಅಕ್ಷರದಲ್ಲಿ ಬರೆದು, ಎರಡು ಸಲ ನನ್ನಿಂದ ಓದಿಸಿ, ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದರು.